ಹೊರಗೆ ನಿಂತವಳ ಜೊತೆ ಯಾರು?



ಮನೆಯಿಲ್ಲದವರು ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬೆಂಗಳೂರಿನ ಮೇಲ್ಸೇತುವೆಗಳ ಕೆಳಗೆ, ಮೆಜೆಸ್ಟಿಕ್ಕಿನ ಫುಟ್‌ಪಾತಿನ ಮೇಲೆ ಮಲಗಿರುವವರು. ಸರ್ಕಾರದ ಲೆಕ್ಕವೂ ಹಾಗೆಯೇ. 2011ರ ಜನಗಣತಿಯವರು ಫೆಬ್ರವರಿ 28ರ ರಾತ್ರಿ ರಸ್ತೆ ಬದಿಯಲ್ಲಿ, ರೈಲು ನಿಲ್ದಾಣದಲ್ಲಿ, ಗುಡಿಯ ಜಗಲಿಯಲ್ಲಿ ಮಲಗಿದ್ದವರನ್ನು ಎಣಿಸಿ, ದೇಶದಲ್ಲಿ 17 ಲಕ್ಷಕ್ಕೂ ಹೆಚ್ಚು ಜನರಿಗೆ ಸೂರಿಲ್ಲ ಎಂದು ಬರೆದುಕೊಂಡರು. ಶ್ರೀರಾಂಪುರ ಹೋಬಳಿಯ ಯಾವುದೋ ಹಳ್ಳಿಯಲ್ಲಿ, ಅಣ್ಣನ ಮನೆಯ ಪಡಸಾಲೆಯಲ್ಲಿ ಎರಡು ಮಕ್ಕಳನ್ನು ಮಗ್ಗುಲಿಗೆ ಹಾಕಿಕೊಂಡು, ಬೆಳಗಾದರೆ ಅತ್ತಿಗೆ ಏನನ್ನುತ್ತಾಳೋ ಎಂದು ಕಣ್ಣು ಬಿಟ್ಟುಕೊಂಡೇ ಮಲಗುವವಳು ಈ ಲೆಕ್ಕಕ್ಕೆ ಸಿಗುವುದಿಲ್ಲ. ಅವಳ ತಲೆಯ ಮೇಲೆ ಹೆಂಚು ಇದೆಯಲ್ಲ!

ಹೆಣ್ಣಿಗೂ 'ಹೊರಗೆ' ಎಂಬ ಮಾತಿಗೂ ನಮ್ಮಲ್ಲಿ ಹಳೆಯ ನಂಟು. ಮುಟ್ಟಾದರೆ ಹೊರಗೆ ಕೂರುತ್ತೇವೆ. ಮದುವೆಯಾದರೆ 'ಕೊಟ್ಟ ಹೆಣ್ಣು ಕುಲಕ್ಕೆ ಹೊರಗು' ಎನ್ನುತ್ತಾರೆ. ಗಂಡನ ಮನೆಯಲ್ಲಿ ಹತ್ತು ವರ್ಷ ಮುಸುರೆ ತಿಕ್ಕಿ, ಸಗಣಿ ಬಾಚಿ, ಮಕ್ಕಳನ್ನು ಹೆತ್ತು ಬಾಳಿದರೂ ಜಗಳವಾದ ದಿನ ಬಾಯಿಗೆ ಬರುವ ಮೊದಲ ಮಾತು 'ನಡಿ ಹೊರಗೆ'. ಅತ್ತೆಮನೆಯವರು ನಿಮ್ಮಪ್ಪನ ಮನೆಗೆ ಹೋಗು ಅನ್ನುತ್ತಾರೆ. ತವರಿನವರು ನಿನ್ನ ಮನೆಗೆ ಹೋಗವ್ವ ಅನ್ನುತ್ತಾರೆ. ಈ ಎರಡರ ನಡುವೆ ಬಸ್ಸಿನಲ್ಲಿ ಓಡಾಡುವುದೇ ಅವಳ ಬಾಳು.

ನಮ್ಮ ಕಡೆಯ ಗೊಲ್ಲರಹಟ್ಟಿಗಳಲ್ಲಿ ಈ 'ಹೊರಗೆ' ಎಂಬುದು ಬರೀ ಮಾತಲ್ಲ. ಹೊಸದುರ್ಗ, ಹಿರಿಯೂರು ತಾಲ್ಲೂಕುಗಳ ಎಷ್ಟೋ ಹಟ್ಟಿಗಳಲ್ಲಿ ಮುಟ್ಟಾದವಳೂ ಬಾಣಂತಿಯೂ ಊರಾಚೆಯ ಗುಡಿಸಲಿನಲ್ಲಿ ದಿನ ತಳ್ಳುವ ಪದ್ಧತಿ ನಡೆದುಬಂದಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಮಳೆ ಚಳಿಯ ನಡುವೆ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಹೋಯಿತು. ಇದನ್ನು ತಡೆಯಲು 2017ರ ಮೌಢ್ಯಾಚರಣೆ ವಿರೋಧಿ ಕಾನೂನು ಇದೆ, ಸರ್ಕಾರ ಕಟ್ಟಿಸಿದ ಮಹಿಳಾ ಭವನಗಳೂ ಇವೆ. ಭವನ ಚೆನ್ನಾಗಿದ್ದರೆ ಹೊರಗೆ ಹಾಕುವುದು ಸರಿಯಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದನ್ನು ಇನ್ನೊಂದು ಸಂಚಿಕೆಯಲ್ಲಿ ಎತ್ತಿಕೊಳ್ಳೋಣ. ಮನೆಯೆಂಬುದು ಹೆಣ್ಣಿಗೆ ಯಾವಾಗ ಬೇಕಾದರೂ ಕಿತ್ತುಕೊಳ್ಳಬಹುದಾದ ಸಾಲದ ಒಡವೆ ಎಂದು ಚಿಕ್ಕಂದಿನಿಂದಲೇ ನಮಗೆ ಕಲಿಸಿಬಿಡುತ್ತಾರೆ ಎಂಬುದನ್ನು ಹೇಳಲಿಕ್ಕಷ್ಟೇ ಇಲ್ಲಿ ಇದರ ಮಾತು ತೆಗೆದದ್ದು.

ಹೊರದೂಡುವುದು ಒಂದೇ ದಿನದಲ್ಲಿ ನಡೆಯುವುದಿಲ್ಲ ಎಂಬುದು ಸಂಘದಲ್ಲಿ ಕೂರುವ ನಿಮಗೆಲ್ಲ ಗೊತ್ತು. ಮದುವೆಯಲ್ಲಿ ಒಪ್ಪಿಕೊಂಡ ಬಂಗಾರದಲ್ಲಿ ಎರಡು ತೊಲ ಬಾಕಿ ಉಳಿದಿರುತ್ತದೆ. ಬರ ಬಂದು ತೆಂಗು ಒಣಗುತ್ತದೆ, ಕೊರೆಸಿದ ಬೋರು ಫೇಲಾಗುತ್ತದೆ, ಕೈಸಾಲ ಏರುತ್ತದೆ. ಆಗ ಆ ಎರಡು ತೊಲ ನೆನಪಿಗೆ ಬರುತ್ತದೆ. ಹಬ್ಬಕ್ಕೆಂದು ತವರಿಗೆ ಕಳಿಸಿದವಳನ್ನು ಕರೆದುಕೊಂಡು ಹೋಗಲು ಯಾರೂ ಬರುವುದಿಲ್ಲ. ಅಪ್ಪ ಸಾಲ ಮಾಡಿ ಅರ್ಧ ದುಡ್ಡು ಕೊಟ್ಟು ಬಿಟ್ಟುಬರುತ್ತಾನೆ. ಆರು ತಿಂಗಳಿಗೆ ಮತ್ತೆ ಅದೇ ಕಥೆ. ಕೊನೆಗೊಂದು ರಾತ್ರಿ ಹೊಡೆತ ತಿಂದು ಉಟ್ಟ ಸೀರೆಯಲ್ಲಿ ಬರುತ್ತಾಳೆ. ಆಧಾರ್ ಕಾರ್ಡು, ಪಾಸ್‌ಬುಕ್ಕು, ಮಕ್ಕಳ ಜನನ ಪತ್ರ ಎಲ್ಲವೂ ಆ ಮನೆಯ ಬೀರುವಿನಲ್ಲಿ. ತಂದೆ ಇರುವ ತನಕ ತವರು ನಡೆಯುತ್ತದೆ. ಆಮೇಲೆ ಅಕ್ಕನ ಮನೆ, ಆಮೇಲೆ ತಗಡಿನ ಬಾಡಿಗೆ ಕೋಣೆ, ಆಮೇಲೆ ಬೆಂಗಳೂರಿನ ಗಾರ್ಮೆಂಟ್ಸ್. ಮಕ್ಕಳು ಅಜ್ಜಿಯ ಬಳಿ.

ಇದು ಎಲ್ಲೋ ಒಬ್ಬಿಬ್ಬರ ಪಾಡು ಎಂದುಕೊಳ್ಳಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರ ಪೈಕಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದು ಹೇಳಿದ್ದಾರೆ. ಓಬವ್ವನ ಜಯಂತಿಗೆ ಒನಕೆ ಹಿಡಿದು ಮೆರವಣಿಗೆ ಹೋಗುವ ನಮ್ಮ ಚಿತ್ರದುರ್ಗ ಜಿಲ್ಲೆ ಈ ಲೆಕ್ಕದಿಂದ ಹೊರಗಿದೆ ಎಂದು ನಂಬಲು ಕಾರಣವಿಲ್ಲ.

ಈಗ ಕಾನೂನಿನ ಮಾತು. ಹೊರಗೆ ಹಾಕಿದವಳಿಗೆ ಹಕ್ಕೇ ಇಲ್ಲ ಎಂದು ಊರಿನ ಹಿರಿಯರು ಹೇಳಿದರೆ ಅದು ಸುಳ್ಳು. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಮನೆ ಯಾರ ಹೆಸರಿನಲ್ಲೇ ಇರಲಿ, ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ ಎಂದು ಅದರ 17ನೇ ಕಲಮು ಹೇಳುತ್ತದೆ. 19ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಅವಳನ್ನು ಹೊರಗೆ ಹಾಕದಂತೆ ತಡೆ ಕೊಡಬಹುದು, ಗಂಡನಿಗೇ ಹೊರಗಿರು ಎನ್ನಬಹುದು, ಬೇರೆ ಮನೆ ಮಾಡಿಕೊಡು ಇಲ್ಲವೇ ಬಾಡಿಗೆ ಕಟ್ಟು ಎನ್ನಬಹುದು, ಅವಳ ಒಡವೆ ವಸ್ತು ಹಿಂದಿರುಗಿಸಲು ಹೇಳಬಹುದು. ಮನೆ ಮಾವನ ಹೆಸರಲ್ಲಿದೆ, ನಿನಗೇನು ಹಕ್ಕು ಎಂಬ ವಾದ ಬಹಳ ವರ್ಷ ನಡೆಯಿತು. 2006ರಲ್ಲಿ ಸುಪ್ರೀಂ ಕೋರ್ಟೇ ಅದಕ್ಕೆ ಒಪ್ಪಿಗೆ ಕೊಟ್ಟಿತ್ತು. 2020ರ ಅಕ್ಟೋಬರ್ 15ರಂದು ಅದೇ ನ್ಯಾಯಾಲಯ ಆ ಹಳೆಯ ತೀರ್ಪನ್ನು ತಳ್ಳಿಹಾಕಿತು. ಅದಾದ ಎರಡೇ ತಿಂಗಳಿಗೆ, ಡಿಸೆಂಬರ್ 15ರಂದು, ಬೆಂಗಳೂರಿನ ಒಬ್ಬ ಸೊಸೆಯ ಪ್ರಕರಣದಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಗಂಡ ಮನೆಯನ್ನು ತನ್ನ ತಂದೆಗೆ ಮಾರಿದ್ದ, ತಂದೆ ಅದನ್ನು ತಾಯಿಗೆ ದಾನಪತ್ರ ಮಾಡಿಕೊಟ್ಟಿದ್ದರು, ಅತ್ತೆ ಮಾವ ಹಿರಿಯ ನಾಗರಿಕರ ಕಾನೂನು ಹಿಡಿದು ಸೊಸೆಯನ್ನು ಖಾಲಿ ಮಾಡಿಸಲು ಆದೇಶ ತಂದಿದ್ದರು. ಕೆಳಗಿನಿಂದ ಹೈಕೋರ್ಟಿನವರೆಗೆ ಅವಳು ಸೋತಿದ್ದಳು. ಹಿರಿಯರ ಕಾನೂನನ್ನು ಮುಂದಿಟ್ಟುಕೊಂಡು ಹೆಣ್ಣಿನ ವಾಸದ ಹಕ್ಕನ್ನು ಅಳಿಸಿಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು.

ತವರಿನಲ್ಲಿದ್ದುಕೊಂಡೇ ಅರ್ಜಿ ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಹಾಕಬಹುದು. ಗಂಡನ ಮನೆ ದಾವಣಗೆರೆಯಲ್ಲಿರಲಿ ಬೆಂಗಳೂರಿನಲ್ಲಿರಲಿ, ಅವಳು ಸದ್ಯ ಶ್ರೀರಾಂಪುರದಲ್ಲಿ ಉಳಿದಿದ್ದರೆ ಹೊಸದುರ್ಗದ ನ್ಯಾಯಾಲಯಕ್ಕೇ ಹೋಗಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಅಂಗನವಾಡಿಯವರು ಸಿಡಿಪಿಒ ಎನ್ನುವವರೇ, ಈ ಕಾಯ್ದೆಯಲ್ಲಿ ರಕ್ಷಣಾಧಿಕಾರಿ. ಹೆಣ್ಣಿಗೆ ಆದಾಯದ ಮಿತಿ ನೋಡದೆ ವಕೀಲರನ್ನು ಉಚಿತವಾಗಿ ಕೊಡುವುದು ತಾಲ್ಲೂಕು ಕಾನೂನು ಸೇವಾ ಸಮಿತಿಯ ಕೆಲಸ. ಆ ರಾತ್ರಿ ಉಳಿಯಲು ಎಲ್ಲೂ ಇಲ್ಲದಿದ್ದರೆ ಜಿಲ್ಲಾ ಕೇಂದ್ರದಲ್ಲಿ 'ಸಖಿ' ಕೇಂದ್ರವಿದೆ. ಅಲ್ಲಿ 5 ದಿನದವರೆಗೆ ಇರಬಹುದು.

ಓದಿದರೆ ಎಷ್ಟು ಚೆನ್ನಾಗಿದೆ! ಅರ್ಜಿ ಹಾಕಿದ 3 ದಿನದೊಳಗೆ ಮೊದಲ ವಿಚಾರಣೆ, 60 ದಿನದಲ್ಲಿ ಮುಗಿಸಲು ಪ್ರಯತ್ನ ಎಂದೂ ಕಾಯ್ದೆಯಲ್ಲಿ ಬರೆದಿದೆ. ನಿಜದಲ್ಲಿ ತಿಂಗಳುಗಳು ಉರುಳುತ್ತವೆ, ಒಮ್ಮೊಮ್ಮೆ ವರ್ಷಗಳು. ಹೆಣ್ಣು ಸೋಲುವುದು ತೀರ್ಪಿನಲ್ಲಲ್ಲ, ಈ ಕಾಯುವುದರಲ್ಲಿ. ಮೊದಲ ವಾಯಿದೆಗೆ ಅಣ್ಣ ಬರುತ್ತಾನೆ, ಎರಡನೆಯದಕ್ಕೆ ಬೇಸಾಯದ ನೆಪ ಹೇಳುತ್ತಾನೆ, ಮೂರನೆಯದಕ್ಕೆ ಅವಳೊಬ್ಬಳೇ. ಕೋರ್ಟಿನ ಅಂಗಳದಲ್ಲಿ ಗಂಡನ ಕಡೆಯವರು ಎಂಟು ಜನ ನಿಂತಿರುತ್ತಾರೆ. ಸಖಿಯಲ್ಲಿ 5 ದಿನವಾದ ಮೇಲೆ 6ನೇ ದಿನ ಏನು? ಅಲ್ಲಿ ಬೇಕಾದವಳೇ ಜೊತೆಗಾತಿ.

ಜೊತೆಗಾತಿ ಎಂದರೆ ವಕೀಲಳಲ್ಲ, ಅಧಿಕಾರಿಯಲ್ಲ, ನ್ಯಾಯ ಹೇಳುವವಳೂ ಅಲ್ಲ. ವಾಯಿದೆಯ ದಿನ ಬೆಳಿಗ್ಗೆ ಬಸ್ಸು ಹತ್ತುವಾಗ ಪಕ್ಕದಲ್ಲಿ ಕೂರುವವಳು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ನಮಗೆ ಉಚಿತವಾಗಿದೆ. ಧರ್ಮಸ್ಥಳಕ್ಕೆ, ಮೈಸೂರಿಗೆ ಹೋಗಿಬಂದಿದ್ದೇವೆ, ಒಳ್ಳೆಯದೇ ಆಯಿತು. ತಿಂಗಳಿಗೆ ಒಂದು ದಿನ ಹೊಸದುರ್ಗದ ಕೋರ್ಟಿಗೂ ಹೋಗಿಬರೋಣ. ಮೊದಲ ವಾರದಲ್ಲಿ ಅವಳ ಕೆಲಸ ಕಾಗದ ಪತ್ರ ಕೂಡಿಸುವುದು. ಪೆಟ್ಟು ಬಿದ್ದಿದ್ದರೆ ಆ ದಿನವೇ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಹೇಗೆ ಪೆಟ್ಟಾಯಿತೆಂದು ನಿಜವನ್ನೇ ಬರೆಸುವುದು. ಜಾರಿ ಬಿದ್ದೆ ಎಂದು ಬರೆಸಿದ ಚೀಟಿ ಆಮೇಲೆ ಅವಳ ಕತ್ತಿಗೇ ಬರುತ್ತದೆ. ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸುವುದು. ಹಳೆಯ ಶಾಲೆಯ ವರ್ಗಾವಣೆ ಪತ್ರ ಬಂದಿಲ್ಲವೆಂದು ಮಗುವನ್ನು ಹೊರಗೆ ನಿಲ್ಲಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಮೇಷ್ಟ್ರಿಗೆ ಅದನ್ನು ನಯವಾಗಿ ನೆನಪಿಸುವುದು. ಅವಳ ಹೆಸರು ಅತ್ತೆಯ ಪಡಿತರ ಚೀಟಿಯಲ್ಲಿ ಸಿಕ್ಕಿಕೊಂಡಿರುತ್ತದೆ. ಹೀಗಾಗಿ ಅವಳ ಪಾಲಿನ ಅಕ್ಕಿ ಆ ಮನೆಯಲ್ಲೇ ಬೇಯುತ್ತದೆ, ಗೃಹಲಕ್ಷ್ಮಿಯ 2,000 ರೂಪಾಯಿ ಚೀಟಿಯಲ್ಲಿ ಯಜಮಾನಿ ಎಂದು ಬರೆದವರ ಖಾತೆಗೆ ಹೋಗುತ್ತದೆ. ಆ ಹೆಸರನ್ನು ಬಿಡಿಸಲು ಆಹಾರ ಇಲಾಖೆಗೆ ನಾಲ್ಕು ಸಲ ಅಲೆಯಬೇಕಾದರೆ ನಾಲ್ಕು ಸಲವೂ ಜೊತೆಗೆ ಹೋಗುವುದು. ನೋಡಲು ಸಣ್ಣ ಕೆಲಸಗಳು. ಇವು ಆಗದೆ ಹೋದಾಗಲೇ ಹೆಣ್ಣುಮಗಳು ಸಾಕಾಗಿ ಅದೇ ಹೊಡೆಯುವ ಕೈಗೆ ಹಿಂದಿರುಗುವುದು.

ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿದೆ: ಅವಳ ಮಾತು ಕೇಳುವುದು. ಅವಳು ಮೂರು ಸಲ ಹಿಂದಕ್ಕೆ ಹೋಗಿ ಬಂದಿರಬಹುದು, ನಾಲ್ಕನೆಯ ಸಲವೂ ಹೋಗುತ್ತೇನೆ ಅನ್ನಬಹುದು. 'ನಿನಗೆ ಬುದ್ಧಿ ಬರಲ್ಲ ಬಿಡೇ' ಎಂದು ನಾವು ಕೈ ಚೆಲ್ಲಿದರೆ ಐದನೆಯ ಸಲ ಅವಳು ನಮ್ಮ ಬಾಗಿಲಿಗೆ ಬರುವುದಿಲ್ಲ. ಕೇಸು ಹಾಕಲೇಬೇಕು ಎಂದು ಹಟ ಹಿಡಿಯುವುದೂ ಬೇಡ, ಹೊಂದಿಕೊಂಡು ಹೋಗು ಎಂದು ಒತ್ತಾಯಿಸುವುದೂ ಬೇಡ. ಹೋಗುತ್ತಾಳೆಂದರೆ ಯಾವ ದಿನ ಫೋನು ಮಾಡುತ್ತಾಳೆ, ಮಾಡದಿದ್ದರೆ ನಾವು ಯಾರಿಗೆ ಹೇಳಬೇಕು ಎಂಬುದನ್ನು ಮಾತಾಡಿಕೊಂಡು ಕಳಿಸಿ. 1979ರಿಂದ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿರುವ ವಿಮೋಚನದ ಗೆಳತಿಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಕುಳಿತು, ಸ್ಟೋವ್ ಸಿಡಿಯಿತು ಎಂದು ಬರೆಸಿದ್ದ ಸಾವುಗಳ ಹಿಂದಿನ ನಿಜವನ್ನು ಹೊರತೆಗೆದರು. ಹೊಂದಿಕೊಂಡು ಹೋಗು ಎಂಬ ಮಾತಿನ ಬೆಲೆ ಏನೆಂಬುದನ್ನು ಅಂಥ ವಾರ್ಡುಗಳು ನಮಗೆ ತಿಳಿಸಿವೆ.

ಪಂಚಾಯ್ತಿ ಕಟ್ಟೆಯ ರಾಜಿಯ ಬಗ್ಗೆಯೂ ಒಂದು ಮಾತು. ಐದು ಜನ ಗಂಡಸರು, ಒಂದು ಬಿಳಿ ಹಾಳೆ, 'ಇನ್ನು ಮುಂದೆ ಚೆನ್ನಾಗಿ ನೋಡಿಕೊಳ್ಳುತ್ತೇನೆ' ಎಂಬ ಸಾಲು, ಕೆಳಗೆ ಹೆಬ್ಬೆಟ್ಟು. ಆ ಹಾಳೆ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಸತ್ತಿರುತ್ತದೆ. ಮ್ಯಾಜಿಸ್ಟ್ರೇಟರು ಕೊಟ್ಟ ರಕ್ಷಣಾ ಆದೇಶವನ್ನು ಮುರಿದರೆ ಒಂದು ವರ್ಷದವರೆಗೆ ಸಜೆ, 20,000 ರೂಪಾಯಿವರೆಗೆ ದಂಡ ಇದೆ. ರಾಜಿಯೇ ಆಗಬೇಕೆಂದಿದ್ದರೆ ಅವಳ ಒಪ್ಪಿಗೆಯಿಂದ ಆಗಲಿ, ಅದು ನ್ಯಾಯಾಲಯದ ಮುಂದೆ ದಾಖಲಾಗಲಿ.

ಜೊತೆಗಾತಿಗೆ ಊರು ಸುಮ್ಮನೆ ಬಿಡುವುದಿಲ್ಲ. ಸಂಸಾರ ಒಡೆಯುವವಳು, ಮನೆ ಮುರುಕಿ ಎನ್ನುತ್ತಾರೆ, ಅವಳ ಗಂಡನನ್ನು ಅಂಗಡಿಯ ಮುಂದೆ ನಿಲ್ಲಿಸಿ ಕೇಳುತ್ತಾರೆ. ಕೇಸಿನಲ್ಲಿ ನಿನ್ನ ಹೆಸರನ್ನೂ ಸೇರಿಸುತ್ತೇವೆ ಎಂದು ಹೆದರಿಸುವುದೂ ಉಂಟು. ಹಿಂಸೆ ನಡೆಯುತ್ತಿದೆ ಎಂದು ಪ್ರಾಮಾಣಿಕವಾಗಿ ನಂಬಿ ರಕ್ಷಣಾಧಿಕಾರಿಗೆ ತಿಳಿಸಿದವರ ಮೇಲೆ ಅದಕ್ಕಾಗಿ ಯಾವ ಕೇಸೂ ನಿಲ್ಲುವುದಿಲ್ಲ ಎಂದು ಕಾಯ್ದೆಯ 4ನೇ ಕಲಮೇ ಹೇಳಿದೆ. ಆದರೂ ಒಬ್ಬಳನ್ನೇ ಮುಂದೆ ಬಿಟ್ಟು ಉಳಿದವರು ಹಿಂದೆ ಸರಿಯಬಾರದು. ಒಂದು ಹೆಣ್ಣಿಗೆ ಇಬ್ಬರು ಜೊತೆಗಾತಿಯರಿರಲಿ. ಒಬ್ಬಳಿಗೆ ಕಾಯಿಲೆ ಕಸಾಲೆ, ಮದುವೆ ಮುಂಜಿ ಬಂದರೆ ಇನ್ನೊಬ್ಬಳು ಹೋಗಲಿ. ಅವಳ ಕಥೆ ನಲ್ಲಿಯ ಹತ್ತಿರ ಮಾತಾಗಬಾರದು. ಸಂಘದ ಸಭೆಯಲ್ಲೂ ಅವಳು ಒಪ್ಪಿದಷ್ಟೇ ಬರಬೇಕು. ದುಡ್ಡಿನ ವ್ಯವಹಾರ ಜೊತೆಗಾತಿಯ ಕೈಯಲ್ಲಿ ಬೇಡ. ಕಾನೂನು ಸೇವಾ ಪ್ರಾಧಿಕಾರಗಳು ತರಬೇತಿ ಕೊಟ್ಟು ಅರೆಕಾನೂನು ಸ್ವಯಂಸೇವಕರನ್ನು ನೇಮಿಸಿಕೊಳ್ಳುತ್ತವೆ. ನಮ್ಮ ಸಂಘಗಳ ಹೆಂಗಸರು ಅದಕ್ಕೆ ಅರ್ಜಿ ಹಾಕಬೇಕು. ಗುರುತಿನ ಚೀಟಿ ಕೊರಳಲ್ಲಿದ್ದರೆ ಕಚೇರಿಯಲ್ಲಿ ಕುರ್ಚಿ ಸಿಗುತ್ತದೆ ಎಂಬುದೂ ಸುಳ್ಳಲ್ಲ.

ಇನ್ನು ನಾವು ಯಾರೂ ಎತ್ತದ ಮಾತಿಗೆ ಬರುತ್ತೇನೆ. ಸೊಸೆಯನ್ನು ಹೊರಗೆ ಹಾಕಿದ ಅತ್ತೆ ನಮ್ಮ ಸಂಘದಲ್ಲೇ ಇದ್ದರೆ?

ಇರುತ್ತಾಳೆ. ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಶುರುವಾದಾಗಿನಿಂದ ಸಂಘ ಕಟ್ಟಿ ಬೆಳೆಸಿದವರಲ್ಲಿ ಎಷ್ಟೋ ಜನ ಇಂದು ಅತ್ತೆಯರೇ. ಅವರು ಕಷ್ಟ ಕಂಡವರು, ಕೈಸಾಲ ಕೊಟ್ಟವರು, ಹೆರಿಗೆಗೆ ಓಡಿಬಂದವರು. ಸೊಸೆಯಾದರೋ ನೆನ್ನೆ ಮೊನ್ನೆ ಬಂದವಳು, ಬೇರೆ ಊರಿನವಳು, ಸಂಘದಲ್ಲಿ ಹೆಸರಿಲ್ಲ. ಅವಳ ಪರವಾಗಿ ಮಾತಾಡಿದರೆ ಅಕ್ಕ ಸಿಟ್ಟಾಗುತ್ತಾಳೆ, ಕಂತು ಕಟ್ಟುವುದಿಲ್ಲ, ಗುಂಪು ಒಡೆಯುತ್ತದೆ, ಬ್ಯಾಂಕಿನ ಸಾಲ ನಿಲ್ಲುತ್ತದೆ. ಅದಕ್ಕೇ ಸುಮ್ಮನಿರುತ್ತೇವೆ. 'ಅದು ಅವರ ಮನೆ ವಿಚಾರ' ಎಂಬ ಮಾತನ್ನು ಗಂಡಸರಿಂದ ಕೇಳಿ ರೇಗುವ ನಾವೇ ಆಗ ಅದನ್ನು ಆಡುತ್ತೇವೆ. ಉಳಿತಾಯಕ್ಕೆ ಒಗ್ಗಟ್ಟು, ಹಿಂಸೆಗೆ ಮೌನ ಎಂದಾದರೆ ಅದು ಸಂಘವಲ್ಲ, ಚೀಟಿ ವ್ಯವಹಾರ.

ಹಾಗೆಂದು ಅಕ್ಕನನ್ನು ಹೊರಗೆ ಹಾಕಿ ಎನ್ನುತ್ತಿಲ್ಲ. ಅವಳ ಜೊತೆ ಸಲುಗೆಯಿರುವ ಇಬ್ಬರು ಅವಳ ಮನೆಗೆ ಹೋಗಿ ನೇರವಾಗಿ ಮಾತಾಡಬೇಕು. 'ಅಕ್ಕಾ, ಹುಡುಗಿಯ ಕಾಗದ, ಬಟ್ಟೆ, ಒಡವೆ ಕೊಟ್ಟುಬಿಡು, ಕೋರ್ಟಿನಲ್ಲಿ ಏನಾಗುತ್ತೋ ಆಗಲಿ' ಎಂದರೆ ಅಷ್ಟಾದರೂ ಕೆಲವೊಮ್ಮೆ ಕೈಗೆ ಬರುತ್ತದೆ. ಆ ಸೊಸೆಗೆ ಜೊತೆಗಾತಿಯರನ್ನು ಬೇರೆ ಸಂಘದಿಂದ ಕೊಡಿ. ಶ್ರೀರಾಂಪುರದಲ್ಲಿ ಸಂಘಗಳಿಗೇನು ಬರವಿಲ್ಲ. ಅತ್ತೆಗೂ ಒಂದು ಭಯವಿದೆ, ಅದನ್ನೂ ನೋಡಬೇಕು. ಸೊಸೆಗೆ ಮನೆಯಲ್ಲಿರುವ ಆದೇಶ ಸಿಕ್ಕರೆ ತನ್ನನ್ನು ಬೀದಿಗೆ ಹಾಕುತ್ತಾರೆ ಎಂದುಕೊಂಡಿರುತ್ತಾಳೆ. ಮನೆಯಿಂದ ಹೊರಹೋಗು ಎಂಬ ಆದೇಶವನ್ನು ಹೆಂಗಸಿನ ಮೇಲೆ ಮಾಡುವಂತಿಲ್ಲ ಎಂದು 19ನೇ ಕಲಮಿನಲ್ಲೇ ಸ್ಪಷ್ಟವಾಗಿದೆ. ಅಷ್ಟೇ ಅಲ್ಲ, ಮಗನೇ ಹೊಡೆದು ಹೊರಗೆ ಹಾಕಿದರೆ ಅತ್ತೆಯೂ ಇದೇ ಕಾಯ್ದೆಯಡಿ ಬರಬಹುದು. ಹೊಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಮೇಲೆ ತಾಯಿಯನ್ನು ದನದ ಕೊಟ್ಟಿಗೆಗೆ ದೂಡಿದ ಮಕ್ಕಳು ನಮ್ಮ ಸುತ್ತ ಇಲ್ಲವೇ? ಅಂಥ ತಾಯಿಗೆ 2007ರ ಕಾನೂನಿನಡಿ ಉಪವಿಭಾಗಾಧಿಕಾರಿಯ ಮುಂದೆ ಜೀವನಾಂಶ ಕೇಳಲೂ ಜೊತೆಗಾತಿ ಬೇಕು.

ಸಂಘದ ಸಾಲದ ಪುಸ್ತಕವನ್ನೂ ಒಮ್ಮೆ ತೆರೆದು ನೋಡಿ. 'ಮಗಳ ಮದುವೆಗೆ' ಎಂದು ಬರೆದ ಸಾಲದಲ್ಲಿ ಎಷ್ಟು ಪಾಲು ವರದಕ್ಷಿಣೆಗೆ ಹೋಯಿತು ಎಂದು ನಮಗೆ ಗೊತ್ತು. 1961ರಿಂದ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ನಮ್ಮ ಹತ್ತು ಹತ್ತು ರೂಪಾಯಿ ಕೂಡಿ ಒಬ್ಬ ವರನ ಮೋಟರ್ ಸೈಕಲ್ಲಾಗಿ, ಅದೇ ಹುಡುಗಿ ಎರಡು ವರ್ಷಕ್ಕೆ ಹೊರಗೆ ನಿಂತಾಗ ಅವಳ ತಾಯಿ ನಮಗೆ ಇನ್ನೂ ಕಂತು ಕಟ್ಟುತ್ತಿರುತ್ತಾಳೆ. ಹೊರಗೆ ಬಿದ್ದವಳು ತಾನೇ ಸದಸ್ಯೆಯಾಗಿದ್ದರೆ, ಎರಡು ವಾರ ಬರಲಿಲ್ಲವೆಂದು ಹೆಸರು ಹೊಡೆದುಹಾಕಬೇಡಿ. ಆ ಕಂತಿಗೆ ಗಡುವು ಕೊಡಿ.

ಇದು ಹೊಸ ಕೆಲಸವೇನಲ್ಲ. ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಬರಗಾಲದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡು, ಅಣ್ಣನ ಜೊತೆ ದೇಶವೆಲ್ಲ ಬರಿಗಾಲಿನಲ್ಲಿ ಅಲೆದವರು. ಮನೆಯಿಲ್ಲದ ಬಾಳು ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ. 1889ರಲ್ಲಿ ಮುಂಬಯಿಯಲ್ಲಿ ಅವರು ಶಾರದಾ ಸದನ ತೆರೆದಾಗ ಅಲ್ಲಿಗೆ ಬಂದವರು ಮನೆಯವರಿಗೆ ಬೇಡವಾದ ಎಳೆಯ ವಿಧವೆಯರು. ಅವರಿಗೆ ಅನ್ನದ ಜೊತೆ ಅಕ್ಷರ, ಕೈಕಸುಬು ಕಲಿಸಿದರು. ಮನೆ ಕೆಡಿಸುವವಳು ಎಂಬ ಬೈಗುಳ ರಮಾಬಾಯಿಯವರಿಗೂ ತಪ್ಪಲಿಲ್ಲ.

ಬಸ್ ನಿಲ್ದಾಣದಲ್ಲಿ ಕೆದರಿದ ತಲೆಯಲ್ಲಿ ತನ್ನಷ್ಟಕ್ಕೆ ಮಾತಾಡಿಕೊಂಡು ಕೂತವಳನ್ನು ಹುಚ್ಚಿ ಎಂದು ದಾಟಿಹೋಗುತ್ತೇವೆ. ಅವಳೂ ಯಾವುದೋ ಮನೆಯಿಂದ ಹೊರಬಿದ್ದವಳೇ ಇರಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಅಂಥವಳನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಸೇರಿಸುವುದು ಪೊಲೀಸರ ಹೊಣೆ; ಲಾಕಪ್ಪಿನಲ್ಲಿ ಇಡುವಂತಿಲ್ಲ. ಠಾಣೆಗೆ ಹೋಗಿ ಇದನ್ನು ಹೇಳಲು ಮೂರು ಜನ ಹೆಂಗಸರು ಸಾಕು.

ಮುಂದಿನ ವಾರದ ಸಭೆಯಲ್ಲಿ ಉಳಿತಾಯ, ಸಾಲ, ಮರುಪಾವತಿ ಬರೆದಾದ ಮೇಲೆ ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಹೆಚ್ಚಿಗೆ ಬರೆಯಿರಿ: ಈ ವರ್ಷ ನಮ್ಮ ಸಂಘದ ಜೊತೆಗಾತಿಯರು ಯಾರು ಎಂದು ಎರಡು ಹೆಸರು. ಓದು ಬರಹ ಬಂದವರೇ ಆಗಬೇಕಿಲ್ಲ. ಕಚೇರಿಯಲ್ಲಿ ಎರಡು ಗಂಟೆ ಕಾದರೂ ಸಿಟ್ಟಿಗೇಳದವರು, ಗುಟ್ಟು ಉಳಿಸಿಕೊಳ್ಳುವವರು ಆಗಬೇಕು. ಸಭೆ ನಡೆಯುವ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಮಹಿಳಾ ಸಹಾಯವಾಣಿ 181, ಪೊಲೀಸ್ ತುರ್ತು ಕರೆ 112, ಉಚಿತ ಕಾನೂನು ನೆರವು 15100 ಎಂದು ಬರೆಸಿ, ಅದರ ಕೆಳಗೆ ಆ ಇಬ್ಬರ ಮನೆಯ ಗುರುತನ್ನೂ ಬರೆಸಿ. ಎಲ್ಲ ನಂಬರೂ ಮೊಬೈಲಿನಲ್ಲಿದೆ ಎನ್ನಬೇಡಿ. ರಾತ್ರಿ ಹೊರಗೆ ದೂಡುವವನು ಮೊದಲು ಕಿತ್ತುಕೊಳ್ಳುವುದು ಮೊಬೈಲನ್ನೇ.